ಗಾಜು ಇಳಿಸಿದ ಮೇಲೆ

ಕೊನೆಯ ಉತ್ತರಪತ್ರಿಕೆಯ ಬಂಡಲಿಗೆ ಗಂಟು ಹಾಕಿ
ಕೆಂಪು ಶಾಯಿಯ ಬೆರಳಲ್ಲೇ ಹೊರಟೆವು ಮೂವರು,
ತಾಜುನ್ನೀಸಾಳ ಹಳೇ ಮಾರುತಿಯಲ್ಲಿ.
ಏಸಿ ಅದಕ್ಕೆ ಹುಟ್ಟಿನಿಂದಲೂ ಇಲ್ಲ.
ಹಿಡಿ ತಿರುವಿದರೆ ಗಾಜು ಕಿರ್ರೆಂದು ಇಳಿಯುತ್ತದೆ,
ಅರ್ಧಕ್ಕೆ ನಿಂತರೆ ಅಂಗೈಯಲ್ಲಿ ಒತ್ತಬೇಕು.

ಚಿಕ್ಕಬಳ್ಳಾಪುರ ದಾಟಿದ್ದೇ ತಡ, ಗಾಳಿ ನುಗ್ಗಿತು
ಊಟದ ಬೆಲ್ಲಿಗೆ ಎಂಟನೇ ಬಿ ಸೆಕ್ಷನ್ನು ನುಗ್ಗುವ ಹಾಗೆ.
ಕೋಮಲಾಂಬ ಮೇಡಂ ಸೆರಗು
ಪಿನ್ನಿನ ಮಾತು ಕೇಳಲಿಲ್ಲ.

ಮೊಣಕೈ ಹೊರಗಿಟ್ಟೆ. ಬಿಸಿ ತಗಡು ಚುರ್ರೆಂದಿತು.
ಅಂಗೈ ಬಟ್ಟಲು ಮಾಡಿದರೆ ಗಾಳಿಗೂ ತೂಕವಿದೆ,
ಒಂದು ಲೋಟ ಹಾಲಿನಷ್ಟು;
ಬೆರಳು ಸಡಿಲಿಸಿದರೆ ಸೋರಿಹೋಗುತ್ತದೆ.
ಹುಣಸೆಮರಗಳ ನೆರಳು ಮುಖದ ಮೇಲೆ
ತಂಪು, ಬಿಸಿ, ತಂಪು, ಬಿಸಿ.
ಕಣ್ಣು ಮುಚ್ಚಿಯೇ ಮರ ಎಣಿಸಬಹುದಿತ್ತು.
ಎಣಿಸಿದೆ. ನಲವತ್ತೊಂದಕ್ಕೆ ತಪ್ಪಿತು.

ಅವರಿಬ್ಬರೂ ವಾಸನೆಗಳನ್ನು ಕೂಗುತ್ತಿದ್ದರು:
“ನೀಲಗಿರಿ ಎಲೆ ಸುಡ್ತಿದಾರೆ!”
“ಕೊತ್ತಂಬರಿ, ಈಗ ತಾನೇ ಕಿತ್ತಿರೋದು!”
“ಅಯ್ಯೋ ಮಲ್ಲಿಗೆ! ತೋಟ ಮಾತ್ರ ಎಲ್ಲೂ ಕಾಣ್ತಿಲ್ವಲ್ಲೇ!”
ನಾನು ಹೂಂ ಅಂದೆ.
ಆ ಜ್ವರ ಬಂದುಹೋಗಿ ಎರಡು ವರ್ಷ.
ನನ್ನ ಮೂಗಿಗೆ ಒಗ್ಗರಣೆಯೂ ಒಂದೇ, ಸೀಮೆಎಣ್ಣೆಯೂ ಒಂದೇ.
ಯಾರಿಗೂ ಹೇಳಿಕೊಂಡಿರಲಿಲ್ಲ;
ಹಾಲು ಹಳಸಿದ್ದನ್ನು
ಮಗನ ಮುಖ ನೋಡಿ ತಿಳಿಯುತ್ತಿದ್ದೆ.

ಶಿಡ್ಲಘಟ್ಟದ ಒಳರಸ್ತೆ. ಹಂಪು ಹತ್ತಿ ಇಳಿಯಿತು ಕಾರು.
ಗೂಡು ಬೇಯುವ ಬಾಣಲೆಗಳ ಹಬೆ
ಸಂದಿಯಿಂದ ಬಂದು ಮುಖಕ್ಕೆ ಬಡಿಯಿತು.
“ಗಾಜು ಏರಿಸೇ, ಥೂ!”
ಕೋಮಲಾಂಬ ಸೆರಗನ್ನು ಮೂಗಿಗೊತ್ತಿದರು.
ಹಿಡಿಗೆ ಕೈ ಹಾಕಿದವಳು ಹಾಗೇ ಕೂತೆ.
ಏನೋ ಇತ್ತು.
ನೆನೆದ ಚರ್ಮವೋ, ಸುಟ್ಟ ಕೂದಲೋ, ಮುಗ್ಗಿದ ಬೆಣ್ಣೆಯೋ,
ಬೆಂದ ಹುಳುವಿನ ಆ ಜಿಡ್ಡುಜಿಡ್ಡು ನಾತ
ಎಳೆಯಾಗಿ ಒಳಗಿಳಿಯಿತು,
ಹುಡುಕಿ ಹುಡುಕಿ ಕೊನೆಗೆ ತುದಿ ಸಿಕ್ಕ ನೂಲು.

“ನಿಲ್ಸೇ ತಾಜು.”
“ಇಲ್ಲಾ? ಈ ನಾತದಲ್ಲಾ?”
ಕತ್ತು ಹೊರಹಾಕಿ ಎಳೆದುಕೊಂಡೆ, ಇನ್ನೊಮ್ಮೆ, ಇನ್ನೊಮ್ಮೆ,
ಕೆಮ್ಮು ಬರುವ ತನಕ.
ನೀರಲ್ಲಿ ಬಿಳಿಚಿದ ಬೆರಳಿನ ಮುದುಕ ಬಾಗಿಲಿಗೆ ಬಂದ.
“ಏನಮ್ಮಾ, ವಾಂತಿನಾ? ನೀರು ಕೊಡ್ಲಾ?”
ಬೇಡ ತಾತ, ಚೆನ್ನಾಗಿದೆ, ಅಂದೆ.
ಅವನು ನನ್ನನ್ನು ನೋಡಿದ, ತನ್ನ ಬಾಣಲೆ ನೋಡಿದ.

ಚಿಂತಾಮಣಿ ಕಳೆದು ಶ್ರೀನಿವಾಸಪುರದ ಮಂಡಿಗೆ ಸಂಜೆ.
ಬಂಡೆಗಳಿನ್ನೂ ಹಗಲನ್ನು ಉಸಿರಾಡುತ್ತಿದ್ದವು.
ತಾಜು ತೊಟ್ಟು ಮುರಿದು ಮಾವು ಮೂಗಿಗೆ ಹಿಡಿದಳು.
ಏನೂ ಇಲ್ಲ. ತಿಂದೆ.
ಮೊಣಕೈವರೆಗೆ ಇಳಿದ ರಸ ಗಾಳಿಗೆ ಒಣಗಿ
ಚರ್ಮ ಎಳೆಯತೊಡಗಿತು.

ವಾಪಸು ಅದೇ ದಾರಿಲಿ ಹೋಗೋಣ, ಅಂದೆ.
ಕೋಮಲಾಂಬ ಹಣೆ ಚಚ್ಚಿಕೊಂಡರು.
ತಾಜು ಏನೂ ಕೇಳದೆ
ನನ್ನ ಕಡೆಯ ಗಾಜನ್ನು ಪೂರ್ತಿ ಒತ್ತಿದಳು.