ಛಾಟು

ಪ್ರಶ್ನೆ ಇಂಗ್ಲಿಷಿನಲ್ಲಿ ಹುಟ್ಟಿತ್ತು,
ಪುಣೆಯಲ್ಲಿ ಮರಾಠಿಯಾಯಿತು,
ಸೊಲ್ಲಾಪುರದ ಈ ಹತ್ತಡಿ ಖೋಲಿಯಲ್ಲಿ
ನನ್ನ ಬಾಯೊಳಗೆ ಕನ್ನಡವಾಗುವಷ್ಟರಲ್ಲಿ
ಅದಕ್ಕೂ ಸುಸ್ತು.

"ಇಲ್ಲಿತನಕ ಎಷ್ಟು ಹಡದೀರಿ?"

ಗೋದೂಬಾಯಿ ಹತ್ತೂರೆ ಮೊರದಿಂದ ತಲೆ ಎತ್ತಲಿಲ್ಲ.
ನೆನೆಸಿದ ತೆಂದೂ ಎಲೆ, ಚಿಟಿಕೆ ತಂಬಾಕು,
ಒಂದು ಸುತ್ತು, ದಾರದ ಒಂದು ಬಿಗಿ.
"ಆರು. ನಾಕು ಅದಾವ.
ಎರಡು ಛಾಟು ಹೋದೂ."

ಛಾಟು ಅಂದರೆ ನಿಮಗೆ ಹೇಳಬೇಕು.
ಸಂಜೆ ಕಾರಖಾನೆಯ ಮೇಜಿನ ಮೇಲೆ
ಸಾವಿರ ಬೀಡಿ ಎಣಿಸಿ ಕೊಟ್ಟಾಗ
ಸೊಟ್ಟ, ಸಡಿಲ, ಹರಕು ಎಂದು
ಮುನೀಮ ಬದಿಗೆ ಸರಿಸುವುದು.
ಅದಕ್ಕೆ ಕೂಲಿಯಿಲ್ಲ.
ತಿರುಗಿ ಕೊಡುವುದೂ ಇಲ್ಲ.

ಜನನ ೬, ಜೀವಂತ ೪ ಎಂದು ಬರೆದೆ.
ಕಾರಣಕ್ಕೂ ಒಂದು ಚೌಕವಿತ್ತು,
ಎರಡು ಅಂಕಿ ಹಿಡಿಸುವಷ್ಟು.

ನಿನ್ನೆ ಮುಂಜಾನೆಯಿಂದ ಏನೇನು ಉಂಡಿರಿ?
"ಭಕ್ರಿ."
ಎಷ್ಟು?
"ಉಳದಷ್ಟು."
ನನ್ನ ಚೀಲದಲ್ಲಿ ತಕ್ಕಡಿಯಿತ್ತು, ಅಳತೆಯ ಬಟ್ಟಲಿತ್ತು,
ಭಕ್ರಿಯ ಮೂರು ಗಾತ್ರದ ಚಿತ್ರಗಳಿದ್ದವು.
ಉಳಿದಷ್ಟರ ಚಿತ್ರ ಇರಲಿಲ್ಲ.
ದೊಡ್ಡದರ ಮೇಲೆ ಬೆರಳಾಡಿಸಿ ನಕ್ಕಳು:
"ಚಂದ ಬಡದಾರ ನೋಡ."

ಕಿರಿಯವಳು ಅಂಬೂ, ಎಂಟು ವರ್ಷ,
ಎತ್ತರದ ಹಲಗೆಗೆ ಬೆನ್ನು ಕೊಡಲೊಲ್ಲಳು.
ಅಂಜಿಕೆ ಬಿಡಿಸಲು ನಾನೇ ನಿಂತೆ
ಹಿಮ್ಮಡಿ ಹಚ್ಚಿ, ನೋಟ ನೆಟ್ಟಗೆ ಮಾಡಿ.
ಎಣ್ಣೆ ಡಬ್ಬಿ ಹತ್ತಿ, ನೆತ್ತಿಗೆ ಪಟ್ಟಿ ಇಳಿಸಿ
ಅವಳು ಸಾಲಿಯ ದನಿಯಲ್ಲಿ ಓದಿದಳು:
ಒಂದುನೂರಾ ನಲವತ್ತಮೂರು!

ಮೊದಲ ಸಲ ಗೋದೂಬಾಯಿಯ ಕೈ ನಿಂತಿತು.
ತಲೆಯಿಂದ ಕಾಲಿನತನಕ ನನ್ನನ್ನು ನೋಡಿದಳು.
"ನಿಮ್ಮವ್ವ ಏನ ಮಾಡತಿದ್ಲು, ತಂಗಿ?"

ಫಾರ್ಮಿನಲ್ಲಿ ಆ ಪ್ರಶ್ನೆಯಿಲ್ಲ.
ಹೇಳಿದೆ.
ಹಂಗಾರ ಕೂಡು, ಎಂದು ಮೊರ ಸರಿಸಿದಳು.

ಸಾವಿರಕ್ಕೆ ಇನ್ನೂ ನೂರಾ ಹತ್ತು ಕಮ್ಮಿಯಿತ್ತು,
ನನ್ನ ಪ್ರಶ್ನೆಗಳು ತಿಂದ ಹೊತ್ತು.
ಮನೆಯವರ ಕೆಲಸಕ್ಕೆ ಕೈ ಹಾಕಬಾರದು
ಅಂತ ತರಬೇತಿಯಲ್ಲಿ ಹೇಳಿದ್ದರು.
ಬೆರಳು ಬ್ಯಾರೆ ಏನೋ ಕಲಿತಿದ್ದವು, ಅದಕ್ಕೂ ಮೊದಲು,
ಅವ್ವನ ಮಗ್ಗಲಲ್ಲಿ.
ನಾನು ಸುತ್ತಿದೆ. ಅಂಬೂ ದಾರ ಕಟ್ಟಿದಳು.
ಎಲ್ಲೋ ನಡುವೆ ಅವಳು ಆ ಎರಡರ ಹೆಸರು ಹೇಳಿದಳು,
ಒಂದಕ್ಕಿನ್ನೂ ಹೆಸರು ಇಟ್ಟಿರಲಿಲ್ಲ ಅಂದಳು.

ಮೂರು ತಿಂಗಳ ಮೇಲೆ ಪುಣೆಯಿಂದ ಪತ್ರ:
ಮನೆ ಸಂಖ್ಯೆ ೨೧೭, ಸಂದರ್ಶನದ ಅವಧಿ
ನಾಲ್ಕು ಗಂಟೆ ಹತ್ತು ನಿಮಿಷ,
ಅಸಹಜವಾಗಿದೆ,
ಲೆಕ್ಕದಿಂದ ಬದಿಗೆ ಸರಿಸಲಾಗಿದೆ.