ಪಡವಲ

ಹೆಸರು ಹುಡುಕಲು ಹೊತ್ತು ಹಿಡಿಯಲಿಲ್ಲ.
ಅಷ್ಟುದ್ದ ಮೈ, ಇಷ್ಟೇ ಇಷ್ಟು ಕಾಲು:
ಹಿಲ್ಡಾ ಬಾಗಿಲಲ್ಲೇ ಅಂದಳು, ಪಡವಲ.
ಮೂರನೇ ಮಹಡಿಯ ಫಿಲಿಪಿನೋ ದಂಪತಿ
ವೀಸಾ ಮುಗಿದು ಹೊರಟಾಗ
ಬಟ್ಟಲು, ಸರಪಳಿ, ಅರ್ಧ ಚೀಲ ತಿಂಡಿ ಸಮೇತ
ನಮ್ಮ ಹೊಸ್ತಿಲಲ್ಲಿ ಇಳಿಸಿಹೋದ ಸಾಮಾನು ಅದು.

ಈಗ ಅದರ ಬೆನ್ನ ಮೇಲೆ ಹದಿನಾಲ್ಕು ಪಿನ್ನು,
ಕೂದಲು ಬೋಳಿಸಿದ ಪಟ್ಟಿಯಲ್ಲಿ ಸಾಲಾಗಿ,
ಯಾರೋ ಅವಸರದಲ್ಲಿ ಬಿಲ್ಲಿಗೆ ಬಿಲ್ಲು ಸೇರಿಸಿ ಹೊಡೆದಂತೆ.
ಸೋಫಾದಿಂದ ಇಳಿದದ್ದು, ಅಷ್ಟೆ. ಒಂದು ಕುಂಯ್.
ಆಮೇಲೆ ಹಿಂದಿನ ಎರಡು ಕಾಲು
ಬೇರೆ ಯಾರವೋ ಎಂಬಂತೆ
ಎಳೆದುಕೊಂಡು ಬಂದವು.

ಒಂಬೈನೂರು ದಿನಾರ್.
ಕ್ಯಾಂಪಿನಲ್ಲಿ ಹೇಳಿದೆ, ಊಟದ ಡಬ್ಬಿ ಮುಚ್ಚಿ ನಕ್ಕರು.
ಹೇಳಬಾರದಿತ್ತು.

ಶುಐಬಾ ಬಂದರಿನಲ್ಲಿ ನಾನು ರಿಗ್ಗರ್.
ಹತ್ತೊಂಬತ್ತು ವರ್ಷ ಬರೀ ಕೈಸನ್ನೆಯಲ್ಲಿ
ಬಾಯ್ಲರು, ಪೈಪು, ಮೂವತ್ತು ಟನ್ನಿನ ಟ್ಯಾಂಕು
ಎತ್ತಿಸಿ ಇಳಿಸಿದವನು. ಭಾರದ ನಡು ಎಲ್ಲಿದೆಯೆಂದು
ಕಣ್ಣಳತೆಯಲ್ಲೇ ಹೇಳಬಲ್ಲೆ.
ಈ ಎಂಟು ಕಿಲೋದ ನಡು ಮಾತ್ರ ಸಿಗುತ್ತಿಲ್ಲ.
ಬೈರಾಸನ್ನು ಹೊಟ್ಟೆಯಡಿ ತೂರಿಸಿ, ಎರಡೂ ತುದಿ ಹಿಡಿದು,
ಬೆನ್ನು ಬಾಗದ ಹಾಗೆ, ತೊನೆಯದ ಹಾಗೆ,
ಮೆಲ್ಲ, ಮೆಲ್ಲ, ಎಂದು
ನನಗೆ ನಾನೇ ಹೇಳಿಕೊಳ್ಳುತ್ತೇನೆ, ಕ್ರೇನಿಗೆ ಹೇಳಿದಂತೆ.

ಬೆಳಗಿನ ನಾಲ್ಕಕ್ಕೆ ಕೆಳಗಿಳಿಯುತ್ತೇವೆ. ಇದು ಆಗಸ್ಟು;
ತಡವಾದರೆ ಅಬು ಹಲೀಫಾದ ಕಾಲುದಾರಿಯೆಲ್ಲ ಕಾವಲಿ.
ಹಾರಿಸ್ ಬೈಯೂಮಿ ನಾಯಿ ಮುಟ್ಟುವವನಲ್ಲ,
ನಮಾಜಿನ ಬಟ್ಟೆ ಎಂದು ಮೊದಲ ದಿನವೇ ದೂರ ನಿಂತವ.
ಪೊರಕೆಯ ಕೋಲಿನಿಂದ ಲಿಫ್ಟಿನ ಬಾಗಿಲು ತಡೆದು ಕಾಯುತ್ತಾನೆ.
ನಿನ್ನೆ ನೋಡಿದರೆ ಮೆಟ್ಟಿಲ ಮೇಲೊಂದು ಹಲಗೆ,
ಹಲಗೆಗೆ ಹಳೆಯ ಕಾರ್ಪೆಟ್ಟು, ಮೊಳೆ ಹೊಡೆದು.
ಯಾರಿಟ್ಟದ್ದು ಅಂದೆ. ಸಮುದ್ರದ ಕಡೆ ನೋಡಿದ.

ಹಿಲ್ಡಾಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ.
ಅವಳಿಲ್ಲದಾಗ ನಾನೇ ಒತ್ತಬೇಕು ಮೂತ್ರಚೀಲ.
ಡಾಕ್ಟರು ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ತೋರಿಸಿದ್ದರು:
ನಿಂಬೆಹಣ್ಣಿನಷ್ಟಿದೆ, ಸಿಕ್ಕಿತಾ?
ಸಿಕ್ಕಿದ ದಿನ ಸಿಕ್ಕಿತು. ಸಿಗದ ದಿನ
ಬಚ್ಚಲಲ್ಲಿ ಇಬ್ಬರೂ ಮುಖ ತಿರುಗಿಸಿ ಕೂತೆವು.

ಆರು ವಾರ ಪಂಜರ. ಸುತ್ತ ಯೋಗದ ಮ್ಯಾಟು,
ಟೈಲ್ಸು ಜಾರುತ್ತದಲ್ಲ.
ಮಾತ್ರೆ ಖರ್ಜೂರದ ಹೊಟ್ಟೆಯಲ್ಲಿ;
ಖರ್ಜೂರ ನುಂಗಿ ಮಾತ್ರೆ ಉಗುಳುವಷ್ಟು ಬುದ್ಧಿ ಅದಕ್ಕೆ.
ಪಿನ್ನು ತೆಗೆದ ಮೇಲೂ ಹಿಂಗಾಲಿನ ಬೆರಳು ಹಿಂಡಿ ನೋಡುತ್ತೇನೆ:
ಆಗಲಿ ಒಮ್ಮೆ ನೋವು, ತಿರುಗಿ ಕಚ್ಚಲಿ.
ನೋವಿಗಾಗಿ ಹರಕೆ ಹೊತ್ತದ್ದು ಇದೇ ಮೊದಲು.

ಶಿರ್ವದಲ್ಲಿ ಅಮ್ಮ, ಪಡವಲದ ಮಿಡಿ ಸುರುಟದಿರಲೆಂದು
ತುದಿಗೆ ಬಾಳೆನಾರಿನಲ್ಲಿ ಕಲ್ಲು ಕಟ್ಟುತ್ತಿದ್ದಳು.
ನೆಟ್ಟಗಾಗಲು ಭಾರ ಬೇಕು ಅನ್ನುವವಳು.
ಎಷ್ಟು ಭಾರ, ನಾನು ಕೇಳಿರಲಿಲ್ಲ.
ಕಲ್ಲು ಹೆಚ್ಚಾಗಿ ತೊಟ್ಟೇ ಕಳಚಿದ್ದೂ ಇದೆ;
ಆ ದಿನ ಅದನ್ನೇ ಪಲ್ಯ ಮಾಡಿದಳು, ಮಾತಾಡಲಿಲ್ಲ.

ಇಪ್ಪತ್ತಮೂರನೆಯ ರಾತ್ರಿ, ಮೂರೂವರೆ.
ಬೈರಾಸು ತಡಕುತ್ತ ಬಗ್ಗಿದವನ ಪಾದಕ್ಕೆ ಬೆಚ್ಚಗೆ ತಾಗಿತು.
ದೀಪ ಹಾಕಿದೆ.
ಪಂಜರದೊಳಗೆ ಸೊಂಟ ನಡುಗಿಸುತ್ತ
ಅರ್ಧ ಕೂತು ಅರ್ಧ ನಿಂತು ಪಡವಲ,
ತಪ್ಪು ಮಾಡಿದವರಂತೆ ಗೋಡೆ ನೋಡುತ್ತಿದೆ.
ಸರಳಿನಡಿಯಿಂದ ಹರಿದು ಟೈಲ್ಸಿನ ಮೇಲೆ
ಯಾರೂ ಒತ್ತದ, ಯಾರೂ ಬೇಡದ
ಅಂಗೈಯಗಲದ ಒಂದು ಹೊಂಡ.

ಒರೆಸಲು ತಂದ ಬಟ್ಟೆ ಪಕ್ಕಕ್ಕಿಟ್ಟೆ.
ಹಿಲ್ಡಾಳ ಬಸ್ಸು ಬರುವುದು ಏಳಕ್ಕೆ.
ಅಷ್ಟರಲ್ಲಿ ಒಣಗಿಬಿಡಬಾರದೆಂದು
ಎಸಿ ಆರಿಸಿ,
ಬೆವರುತ್ತ ಕೂತೆವು ಇಬ್ಬರೂ.