ನಾಲ್ಕು ಲಕೋಟೆ

ವಾಲ್ಪರೈಸೋ ಬಂದರಿನ ಪಿಂಚಣಿ ಕಚೇರಿಯಲ್ಲಿ
ನಿಡಿಯಾ ಬರೆದ ಶೆಲ್ ಸ್ಕ್ರಿಪ್ಟು
'ಬಿಡಿಸಿ ಬರೆಯಿರಿ' ಎಂಬ ಪ್ರಶ್ನೆ ಕಂಡ ಮಗುವಿನ ಹಾಗೆ
ಖಾಲಿ ಜಾಗ ಇದ್ದಲ್ಲೆಲ್ಲ ಕತ್ತರಿಸಿತು.

ಬೆಲಿಸಾರಿಯೋ ದೆ ಲಾ ಫ್ವೆಂತೆ,
ನಲವತ್ತು ವರ್ಷ ಹಡಗಿನ ಹೊಟ್ಟೆಗೆ ತಾಮ್ರ ತುಂಬಿದವನು,
ಒಂದೇ ರಾತ್ರಿಯಲ್ಲಿ ನಾಲ್ವರಾದ.

ಸೋಮವಾರ ಅವನ ಹೆಂಡತಿ ಗುಡ್ಡ ಇಳಿದು ಬಂದು
ಮೇಜಿನ ಮೇಲೆ ಲಕೋಟೆ ಹರವಿದಳು:
"ಬೆಲಿಸಾರಿಯೋ ನನ್ನವನೇ. ಫ್ವೆಂತೆ, ಸರಿ, ಮಾವನ ಕಡೆಯದು.
ಈ 'ದೆ' ಯಾರಮ್ಮ? 'ಲಾ' ಅಂತೂ
ನಮ್ಮನೆಗೆ ಒಂದು ದಿನ ಊಟಕ್ಕೂ ಬಂದವನಲ್ಲ."

ನಿಡಿಯಾ ಅಂದೇ ಸಂಜೆ
ಒಂಟಿ ಉದ್ಧರಣ ಹಾಕಿ ಬಿಗಿದಳು.
ಯಂತ್ರ ಮುನ್ನೂರ ಹನ್ನೆರಡು ಲಕೋಟೆ ಉಗುಳಿತು,
ಎಲ್ಲದರ ಮೇಲೂ ಅದೇ: $ಹೆಸರು.
ಒಂಟಿ ಗೆರೆಯೊಳಗೆ ಆಡಿದ್ದು ಆಡಿದಷ್ಟೇ;
ಡಾಲರೂ ಅಲ್ಲಿ ಬರೀ ಡೊಂಕು ಅಕ್ಷರ.

ಜೋಡಿ ಗೆರೆ ಬೇರೆ.
ಒಳಗೆ ಮಲಗಿದವನನ್ನು ಎಬ್ಬಿಸುತ್ತದೆ,
ಚದುರಲು ಮಾತ್ರ ಬಿಡುವುದಿಲ್ಲ.
ರಾತ್ರಿ ಹನ್ನೊಂದಕ್ಕೆ ಬೆಲಿಸಾರಿಯೋ
ತನ್ನ ಮೂರೂ ಸಂದುಗಳ ಸಮೇತ
ಒಂದೇ ಲಕೋಟೆಯಲ್ಲಿ ಮನೆಗೆ ಹೊರಟ.

ಆಗ ಕಂಡಿತು, ಪಟ್ಟಿಯ ಇನ್ನೂರ ಏಳನೇ ಸಾಲು.
ಖಾಲಿ.
ಉದ್ಧರಣ ಇಲ್ಲದಾಗ ಅದು ಸದ್ದಿಲ್ಲದೆ ಉದುರಿಹೋಗಿತ್ತು,
ಯಾರೂ ಎಣಿಸಿರಲಿಲ್ಲ.
ಈಗ ಗೆರೆಗಳ ನಡುವೆ ಏನೂ ಇಲ್ಲದಿದ್ದರೂ
ಒಂದು ಲಕೋಟೆ ಬಂದಿದೆ,
ಮೊಹರು ಬಿದ್ದಿದೆ, ಹೆಸರಿನ ಜಾಗ ಬಿಳಿ.

ಹರಿದು ಬುಟ್ಟಿಗೆ ಹಾಕಲು ಕೈ ಬರಲಿಲ್ಲ.
ಕಾವಲುಗಾರನನ್ನು ಎಬ್ಬಿಸಿ
ಹಳೆಯ ಹಾಜರಿ ಪುಸ್ತಕಗಳ ಕೋಣೆಗೆ
ಬೀಗದಕೈ ಕೇಳಿದಳು.